ಬೆಕ್ಕಿಗೆ ಮದ್ದು ಆಗಿಬರಲಿಲ್ಲವೇ? ಮೊದಲು ಬಾಯೊಳಗೆ ನೋಡಿ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಪುಚ್ಚೆಗೆ, ಅಂದರೆ ಬೆಕ್ಕಿಗೆ, ಶೀತ ಹಿಡಿಯಿತು. ಹೆಸರು ಕರಿಯ, ತೂಕ ಮೂರೂವರೆ ಕಿಲೋ, ಮಂಗಳೂರಿನ ಬಿಜೈಯ ನಮ್ಮ ಓಣಿಗೆಲ್ಲ ಅವನೇ ಯಜಮಾನ. ಡಾಕ್ಟರು ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ಬರೆದುಕೊಟ್ಟರು. ನಾನು ದಿನವೂ ಅವನ ಬಾಯಿ ತೆರೆದು, ಮಾತ್ರೆಯನ್ನು ನಾಲಿಗೆಯ ಬುಡಕ್ಕೆ ತಳ್ಳಿ, ಗಂಟಲು ಸವರಿ, ಆಯ್ತು ಅಂತ ಕೈ ತೊಳೆಯುತ್ತಿದ್ದೆ. ಐದನೇ ದಿನಕ್ಕೆ ಶೀತ ಇಳಿಯಿತು. ಆದರೆ ಕರಿಯ ಊಟ ಬಿಟ್ಟ. ಬೂತಾಯಿ ಮೀನಿನ ತುಂಡು ಹಾಕಿದರೆ ಆಸೆಯಿಂದ ಬರುತ್ತಿದ್ದ, ಒಂದು ತುತ್ತು ನುಂಗುತ್ತಿದ್ದ, ಕುತ್ತಿಗೆ ಚಾಚಿ ಅದನ್ನೇ ಹೊರಗೆ ಹಾಕುತ್ತಿದ್ದ.

"ಮದ್ದಿನ ಉಷ್ಣ ಅದು. ಸ್ವಲ್ಪ ಬೊಂಡ ಕುಡಿಸಿ ಮಾರಾಯ್ರೆ" ಎಂದರು ಪಕ್ಕದ ಮನೆಯ ಅಕ್ಕ. ಬೊಂಡ ಅಂದರೆ ಎಳನೀರು.

ಡಾಕ್ಟರು ಕೇಳಿದ್ದು ಬೇರೆ. "ಮಾತ್ರೆ ಕೊಟ್ಟ ಮೇಲೆ ನೀರು ಕುಡಿಸಿದ್ರಾ?"

ಇಲ್ಲ. ಒಂದು ದಿನವೂ ಇಲ್ಲ. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲೇ ನಿಂತುಬಿಡಬಹುದಂತೆ. ಡಾಕ್ಸಿಸೈಕ್ಲಿನ್ ಅಲ್ಲೇ ಕರಗಿದರೆ ಸುಟ್ಟ ಹಾಗೆ ಗಾಯ ಮಾಡುತ್ತದೆ. ಗಾಯ ಜಾಸ್ತಿಯಾದರೆ ನಾಳವೇ ಕಿರಿದಾಗಿ, ಊಟ ಇಳಿಯುವುದಿಲ್ಲ. ಅಂದರೆ ತಪ್ಪು ಮದ್ದಿನದಲ್ಲ, ಕೊಟ್ಟ ಕೈಯದು. ಬೆಕ್ಕು ಮದ್ದಿಗೆ ಕೆಟ್ಟದಾಗಿ ಪ್ರತಿಕ್ರಿಯಿಸಿದಾಗ ಏನು ಮಾಡಬೇಕು ಎಂದು ನಾನು ಕಲಿತದ್ದು ಹೀಗೆ, ಸ್ವಲ್ಪ ತಡವಾಗಿ.

ಬರೀ ಕಹಿಯೋ, ನಿಜವಾದ ತೊಂದರೆಯೋ?

ಮಾತ್ರೆ ಬಾಯಿಗೆ ಬಿದ್ದ ಕೂಡಲೇ ಬೆಕ್ಕು ಬಕೆಟ್‌ಗಟ್ಟಲೆ ನೊರೆ ಜೊಲ್ಲು ಸುರಿಸಿದರೆ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಹೆಚ್ಚಿನ ಸಲ ಅದು ಕಹಿಯ ಆಟ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಅಷ್ಟು ಕಹಿ. ಕೆಲವು ನಿಮಿಷದಲ್ಲಿ ಜೊಲ್ಲು ನಿಂತು, ಬೆಕ್ಕು ಮೈ ನೆಕ್ಕಿಕೊಳ್ಳಲು ಕುಳಿತರೆ ಗಾಬರಿ ಬೇಡ. ಜೊಲ್ಲು ನಿಲ್ಲದಿದ್ದರೆ, ಅಥವಾ ಜೊತೆಗೆ ಬೇರೇನಾದರೂ ಕಂಡರೆ, ಮುಂದಿನ ಹೆಜ್ಜೆ.

ವಸಡು, ಉಸಿರು, ನಡಿಗೆ

ಮೇಲಿನ ತುಟಿ ಎತ್ತಿ ವಸಡು ನೋಡಿ. ತಿಳಿ ಗುಲಾಬಿ ಇರಬೇಕು. ಬಿಳಿಚಿದ್ದರೆ, ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಕ್ಯಾರಿಯರ್ ತೆಗೆಯಿರಿ, ಹೊರಡಿ. ನಮ್ಮ ಕರಿಯನಿಗೆ ವಸಡೂ ಅರ್ಧ ಕಪ್ಪು. ಅಂಥವಕ್ಕೆ ನಾಲಿಗೆ ನೋಡಬೇಕು.

ಆಮೇಲೆ ಉಸಿರು. ಪಕ್ಕೆ ಒಮ್ಮೆ ಏರಿ ಇಳಿದರೆ ಒಂದು. ಸುಮ್ನೆ ಮಲಗಿರುವ ಬೆಕ್ಕು ನಿಮಿಷಕ್ಕೆ ಸುಮಾರು 20ರಿಂದ 30 ಸಲ ಉಸಿರಾಡುತ್ತದೆ. 40 ದಾಟಿದರೆ ಫೋನ್ ಮಾಡಿ. ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಎಣಿಸುತ್ತಾ ಕೂರಬೇಡಿ, ಆಟೋ ಹತ್ತಿ.

ಮುಖ ಊದುವುದು, ಮೈ ನಡುಗುವುದು, ಫಿಟ್ಸ್, ಓಲಾಡುತ್ತಾ ನಡೆಯುವುದು, ಇವೆಲ್ಲ ಅದೇ ಸಾಲಿಗೆ. ಕಣ್ಣಿನ ಪಾಪೆ ಬೆಳಕಿನಲ್ಲೂ ಅಗಲವಾಗಿದ್ದು, ಬೆಕ್ಕು ಕುರ್ಚಿಗೆ ಮೇಜಿಗೆ ಡಿಕ್ಕಿ ಹೊಡೆಯುತ್ತಿದ್ದರೂ ತಡ ಮಾಡಬೇಡಿ. ಎನ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್‌ನ ಪ್ರಮಾಣ ಹೆಚ್ಚಾದರೆ ಬೆಕ್ಕಿನ ಕಣ್ಣಿನ ಹಿಂಬದಿಯ ಪರದೆಗೆ (ರೆಟಿನಾ) ಹಾನಿಯಾಗಿ ಕಣ್ಣೇ ಹೋಗಬಹುದು.

ಒಂದೆರಡು ಸಲ ವಾಂತಿ, ಸ್ವಲ್ಪ ಸಡಿಲ ಭೇದಿ, ಆದರೆ ಬೆಕ್ಕು ಚುರುಕಾಗಿದೆ ಎಂದಾದರೆ ಆಂಟಿಬಯಾಟಿಕ್‌ಗಳಲ್ಲಿ ಅದು ಮಾಮೂಲಿ. ಫೋನಿನಲ್ಲಿ ಹೇಳಿದರೆ ಸಾಕಾಗುತ್ತದೆ.

ಮುಂದಿನ ಡೋಸಿಗೆ ಮೊದಲು ಫೋನ್

ನಾವೇ ಡಾಕ್ಟರಾಗಿ ಅರ್ಧ ಮಾತ್ರೆ ಕೊಟ್ಟು ನೋಡುವುದು ಬೇಡ. ಹಾಗಂತ ಎಲ್ಲ ಮದ್ದನ್ನೂ ಥಟ್ಟನೆ ನಿಲ್ಲಿಸುವಂತೆಯೂ ಇಲ್ಲ. ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್ ಅನ್ನು ಹಲವು ದಿನ ಕೊಟ್ಟಿದ್ದರೆ ಮೆಲ್ಲ ಮೆಲ್ಲ ಇಳಿಸಬೇಕು. ಅದೇ ನೋವಿನ ಮದ್ದು ಮೆಲಾಕ್ಸಿಕಾಂ ಆದರೆ ಕಥೆ ಬೇರೆ. ಬೆಕ್ಕು ಊಟ, ನೀರು ಬಿಟ್ಟಿರುವಾಗ ಅದನ್ನು ಕೊಟ್ಟರೆ ಕಿಡ್ನಿಗೆ ಪೆಟ್ಟು. ಹಾಗಾಗಿ ಮೊದಲು ಕೇಳಿ, ಆಮೇಲೆ ಕೊಡಿ.

ಫೋನ್ ಮಾಡುವಾಗ ಮಾತ್ರೆಯ ಸ್ಟ್ರಿಪ್ ಕೈಯಲ್ಲಿರಲಿ. ಹೆಸರು, ಎಷ್ಟು ಎಂಜಿ, ಎಷ್ಟು ಗಂಟೆಗೆ ಕೊಟ್ಟದ್ದು, ತೊಂದರೆ ಶುರುವಾದದ್ದು ಎಷ್ಟು ಗಂಟೆಗೆ, ಬೆಕ್ಕಿನ ತೂಕ, ಬೇರೆ ಯಾವ ಮದ್ದು ನಡೆಯುತ್ತಿದೆ. ತೂಕಕ್ಕೆ ಸುಲಭದ ದಾರಿ ಉಂಟು: ಬೆಕ್ಕನ್ನು ಎತ್ತಿಕೊಂಡು ಒಮ್ಮೆ, ಬಿಟ್ಟು ಒಮ್ಮೆ ಮಾಪಕದ ಮೇಲೆ ನಿಲ್ಲಿ, ಕಳೆಯಿರಿ. ಸಾಧ್ಯವಾದರೆ ನಡುಗುವುದನ್ನೋ ಏದುಸಿರನ್ನೋ ವಿಡಿಯೊ ಮಾಡಿ. ಕ್ಲಿನಿಕ್ಕಿನ ಮೇಜಿನ ಮೇಲೆ ಬೆಕ್ಕು ಹೆದರಿ ಕಲ್ಲಾಗುತ್ತದೆ, ಏನೂ ತೋರಿಸುವುದಿಲ್ಲ.

ಮನೆಮದ್ದು ಬೇಡವೇ ಬೇಡ

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಉಪ್ಪೇ ವಿಷವಾದೀತು. ಹಾಲು, ಬೊಂಡ, ತೆಂಗಿನೆಣ್ಣೆ ಯಾವುದನ್ನೂ ಬಾಯಿಗೆ ಸುರಿಯಬೇಡಿ. ಓಲಾಡುವ ಬೆಕ್ಕಿಗೆ ಸುರಿದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಇನ್ನೊಂದನ್ನು ಜೋರಾಗಿಯೇ ಹೇಳುತ್ತೇನೆ. ಮೈ ಬಿಸಿ ಇದೆ ಎಂದು ಮನೆಯ ಪ್ಯಾರಾಸಿಟಮಾಲ್ ಚೂರು ಮಾಡಿ ಕೊಡುವವರು ನಮ್ಮಲ್ಲಿ ಇದ್ದಾರೆ. ನಮಗೆ ಜ್ವರ ಇಳಿಸುವ ಆ ಮಾತ್ರೆಯನ್ನು ಅರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಲಿವರ್‌ನಲ್ಲಿ ತೀರಾ ಕಡಿಮೆ. ರಕ್ತ ಆಮ್ಲಜನಕ ಹೊರುವುದನ್ನು ನಿಲ್ಲಿಸುತ್ತದೆ. ವಸಡು ಕಂದಾಗುತ್ತದೆ, ಮುಖ, ಪಾದ ಊದುತ್ತವೆ. ಒಂದೇ ಮಾತ್ರೆ ಜೀವ ತೆಗೆಯಬಹುದು. ಅಸಿಟೈಲ್ ಸಿಸ್ಟೀನ್ ಎಂಬ ಪ್ರತಿಮದ್ದು ಇದೆ, ಬೇಗ ಸಿಗಬೇಕು ಅಷ್ಟೆ. ಕೊಟ್ಟಿದ್ದರೆ ನಾಚಿಕೆಪಟ್ಟು ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಒಂದು ಪ್ರಾಣಿಯ ಮದ್ದು ಇನ್ನೊಂದಕ್ಕೆ ವಿಷವಾಗುವುದು ಹೊಸತಲ್ಲ. ದನಗಳಿಗೆ ಕೊಡುತ್ತಿದ್ದ ನೋವಿನ ಮದ್ದು ಡೈಕ್ಲೋಫಿನಾಕ್, ಸತ್ತ ದನ ತಿಂದ ರಣಹದ್ದುಗಳನ್ನು ಕೊಂದ ಮೇಲೆ, 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಬೇಕಾಯಿತು.

ನಾಯಿಯ ಉಣ್ಣಿಗೆ ಹಾಕುವ ಪರ್ಮೆಥ್ರಿನ್ ಹನಿಯೂ ಹಾಗೆಯೇ. ಬೆಕ್ಕಿನ ಮೈಗೆ ತಪ್ಪಿ ಬಿದ್ದರೆ ಪಾತ್ರೆ ತೊಳೆಯುವ ಸೋಪ್ ದ್ರವ ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಓಡಿ. ನಡುಕ ಆಗಲೇ ಶುರುವಾಗಿದ್ದರೆ ತೊಳೆಯಲು ನಿಲ್ಲಬೇಡಿ.

ಆಮೇಲಿನ ದಿನಗಳು

ಊಟದ ಮೇಲೆ ಕಣ್ಣಿಡಿ. 24 ಗಂಟೆ ಏನೂ ತಿನ್ನದಿದ್ದರೆ ಮತ್ತೆ ಫೋನ್. ಎರಡು ಮೂರು ದಿನ ಉಪವಾಸ ಬಿದ್ದರೆ ಲಿವರ್‌ಗೆ ಕೊಬ್ಬು ತುಂಬಿಕೊಳ್ಳುತ್ತದೆ, ದಪ್ಪ ಬೆಕ್ಕುಗಳಲ್ಲಿ ಇನ್ನೂ ಬೇಗ. ಆಗಿಬಾರದ ಮದ್ದಿನ ಹೆಸರನ್ನು ಲಸಿಕೆ ಪುಸ್ತಕದ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದಿಡಿ.

ಮಾತ್ರೆ ಕೊಟ್ಟ ಮೇಲೆ ಸೂಜಿ ತೆಗೆದ ಸಿರಿಂಜಿನಲ್ಲಿ 5-6 ಎಂಎಲ್ ನೀರು. ಕೆನ್ನೆಯ ಬದಿಯಿಂದ, ಸ್ವಲ್ಪ ಸ್ವಲ್ಪವೇ, ಅದು ನುಂಗಿದ ಹಾಗೆ. ತಲೆ ಮೇಲಕ್ಕೆ ಎತ್ತಿ ಹಿಡಿಯಬಾರದು. ಡಾಕ್ಸಿಸೈಕ್ಲಿನ್ ಆದರೆ ಹಾಲು ಬೇಡ, ಮದ್ದು ಸರಿಯಾಗಿ ಹಿಡಿಯುವುದಿಲ್ಲ.

ಕರಿಯನ ಗಂಟಲಿನ ಗಾಯಕ್ಕೆ ಸಿರಪ್, ಅರೆದ ಮೀನು, ಮೂರು ವಾರ ಬೇಕಾಯಿತು. ಈಗ ಸಿರಿಂಜಿನ ಪ್ಯಾಕೆಟ್ ಸದ್ದಾದರೆ ಸಾಕು, ಆಸಾಮಿ ಮಾಡಿನ ಮೇಲೆ. ಅದಕ್ಕೇ ಸಿರಿಂಜನ್ನು ಅಡುಗೆಮನೆಯಲ್ಲೇ ತುಂಬಿಸಿ, ಕಿಟಕಿ ಹಾಕಿ, ಆಮೇಲೆ ಅವನನ್ನು ಕರೆಯುತ್ತೇನೆ.