ಮಗುವಿನ ಜ್ಞಾನಸ್ನಾನಕ್ಕೆ ಸಿದ್ಧತೆ: ಬಳ್ಳಾರಿಯ ಕಥೋಲಿಕ ಕುಟುಂಬಗಳಿಗೆ

ಮಗು ಹುಟ್ಟಿದ ಕೆಲವೇ ವಾರಗಳಲ್ಲಿ, ಬಳ್ಳಾರಿಯಲ್ಲಿ ನೀವು ಸೇರಿರುವ ಧರ್ಮಕೇಂದ್ರದ (ಪ್ಯಾರಿಷ್‌ನ) ಗುರುಗಳನ್ನು ಕಂಡು ಜ್ಞಾನಸ್ನಾನದ, ಅಂದರೆ ನೀರಿನ ಮೂಲಕ ಮಗುವನ್ನು ಕ್ರೈಸ್ತ ಬಾಳಿಗೆ ಬರಮಾಡಿಕೊಳ್ಳುವ ಸಂಸ್ಕಾರದ, ದಿನವನ್ನು ಗೊತ್ತುಮಾಡಿಕೊಳ್ಳಿ.

ಊಟದ ಏರ್ಪಾಡಿಗಿಂತ ಮೊದಲು ಜ್ಞಾನ ತಂದೆತಾಯಿಯರ, ಅಂದರೆ ಮಗುವಿನ ವಿಶ್ವಾಸದ ಬಾಳಿಗೆ ಆಸರೆಯಾಗಿ ನಿಲ್ಲುವವರ, ಆಯ್ಕೆಗೆ ಗಮನ ಕೊಡಬೇಕು. ಅವರು ಮಗುವಿನ ಹೆತ್ತವರಾಗಿರಬಾರದು, ಸಾಮಾನ್ಯವಾಗಿ 16 ವರ್ಷ ತುಂಬಿದವರೂ ದೃಢೀಕರಣ ಸಂಸ್ಕಾರವನ್ನು (ಪವಿತ್ರಾತ್ಮರ ವರದಿಂದ ವಿಶ್ವಾಸವನ್ನು ಬಲಪಡಿಸುವ ಸಂಸ್ಕಾರ) ಪಡೆದವರೂ ಆಗಿರಬೇಕು, ಒಬ್ಬರಿದ್ದರೂ ಸಾಕು. ಹೆತ್ತವರೊಡನೆ ನಿಂತು ಪಾಪವನ್ನು ತ್ಯಜಿಸಿ ವಿಶ್ವಾಸವನ್ನು ಘೋಷಿಸುವವರು ಇವರೇ ಆದ್ದರಿಂದ, ನೆಂಟಸ್ತಿಕೆಯ ಮುಲಾಜಿಗಿಂತ ಅವರ ವಿಶ್ವಾಸದ ಬಾಳನ್ನೇ ನೋಡಬೇಕೆಂದು ಒತ್ತಿ ಹೇಳುತ್ತೇನೆ.

ಗುರುಗಳು ಮಗುವಿನ ತಲೆಯ ಮೇಲೆ ಮೂರು ಬಾರಿ ನೀರು ಸುರಿದು, ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಜ್ಞಾನಸ್ನಾನ ನೀಡಿದಾಗ, ಮಗು ಜನ್ಮಪಾಪದಿಂದ (ಆದಿ ತಂದೆತಾಯಿಯರಿಂದ ಹುಟ್ಟಿನೊಡನೆ ಬಂದ ಪಾಪ) ಬಿಡುಗಡೆ ಹೊಂದಿ, ಕ್ರಿಸ್ತನ ಮರಣ ಪುನರುತ್ಥಾನಗಳಲ್ಲಿ ಪಾಲುಗೊಂಡು ಧರ್ಮಸಭೆಗೆ ಸೇರುತ್ತದೆ. ಬಿಳಿಯುಡುಪು, ಮೇಣದಬತ್ತಿಗಳನ್ನು ಮುಂಚಿತವಾಗಿ ತಂದಿಡಿ.

ನೋಂದಣಿ ಪುಸ್ತಕದಲ್ಲಿ ಹೆಸರಿನ ಕಾಗುಣಿತವನ್ನು ಅಂದೇ ಪರಿಶೀಲಿಸಿ. ಮುಂದೆ ಮದುವೆಗೂ ಈ ದಾಖಲೆ ಬೇಕಾಗುತ್ತದೆ.