ಬರಿಗೈ ಫಾದರ್

ವಿದೇಶಕ್ಕೆ ಹೊರಟ ಮಿಷನರಿಗೆ ಸಿಕ್ಕವರೆಲ್ಲ ಭಾಷೆ, ಊಟ, ಮಲೇರಿಯಾ ಅಂತ ಬುದ್ಧಿ ಹೇಳುತ್ತಾರೆ. ದುಡ್ಡಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ತಾಂಜಾನಿಯಾದ ಶಿನ್ಯಾಂಗಾ ಸೀಮೆಯ ಹಳ್ಳಿಗಳಲ್ಲಿ ಕಥೋಲಿಕ ಗುರು, ಅಂದರೆ ಫಾದರ್, ಆಗಿದ್ದ ಕಾಲದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ದುಡ್ಡೇ. ಅಲ್ಲಿನ ಧರ್ಮಸಭೆ ಹೇಗೆ ಉಸಿರಾಡುತ್ತದೆ ಎಂದು ಅರ್ಥ ಮಾಡಿಸಿದ್ದೂ ಅದೇ. ಹಾಗಾಗಿ ಈ ಬರಹದಲ್ಲಿ ಸಿಂಹ, ಜಿರಾಫೆ ಹುಡುಕಬೇಡಿ. ತಗಡು, ಸಿಮೆಂಟು, ಕಾಣಿಕೆ ಪುಸ್ತಕ ಸಿಗುತ್ತವೆ.

ನಾನು ಯಾವ ಮಿಷನ್ ಸಂಸ್ಥೆಗೂ ಸೇರಿದವನಲ್ಲ. ಹಾಸನದ ಕಡೆಯವನು, ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಧರ್ಮಕ್ಷೇತ್ರದ ಸಾಮಾನ್ಯ ಗುರು. 1957ರಲ್ಲಿ ಪೋಪ್ ಹನ್ನೆರಡನೇ ಪಿಯೂಸ್ ಅವರು ‘ಫಿದೇಯಿ ದೋನುಮ್’ ಎಂಬ ಪತ್ರ ಹೊರಡಿಸಿ, ಗುರುಗಳು ಹೆಚ್ಚಿರುವ ಕಡೆಯ ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು, ಕೆಲವರನ್ನು ಆಫ್ರಿಕಾಕ್ಕೆ ಕಳಿಸಿಕೊಡಿ ಎಂದು ಕೇಳಿಕೊಂಡರು. ಆಗ ಅವರ ಕಣ್ಣಿದ್ದದ್ದು ಯೂರೋಪಿನ ಮೇಲೆ. ಈಗ ಅದೇ ದಾರಿಯಲ್ಲಿ ಭಾರತದವರು ಹೋಗುತ್ತಿದ್ದೇವೆ. ಇಬ್ಬರು ಧರ್ಮಾಧ್ಯಕ್ಷರು ಒಂದು ಒಪ್ಪಂದಕ್ಕೆ ಸಹಿ ಹಾಕುತ್ತಾರೆ, ನಮ್ಮನ್ನು ಕೆಲವು ವರ್ಷಕ್ಕೆ ಎರವಲು ಕೊಟ್ಟಂತೆ. ತಾಂಜಾನಿಯಾ ಸರಕಾರ ಮಿಷನರಿಗಳಿಗೆ ಕೊಡುವುದು ‘ಸಿ’ ವರ್ಗದ ವಾಸ ಪರವಾನಗಿ, ವಿದ್ಯಾರ್ಥಿಗಳಿಗೆ ಕೊಡುವುದೂ ಅದನ್ನೇ. ಬಂದವನನ್ನು ವಿದ್ಯಾರ್ಥಿಯ ಸಾಲಿನಲ್ಲಿ ಕೂರಿಸಿದ್ದು ಸರಿಯಾಗಿಯೇ ಇದೆ ಅನ್ನಿಸಿತು.

ಮೊದಲ ತಿಂಗಳುಗಳು ಮುಸೋಮಾದ ಮಕೊಕೊ ಭಾಷಾ ಶಾಲೆಯಲ್ಲಿ ಕಳೆದವು. ವಿಕ್ಟೋರಿಯಾ ಸರೋವರದ ಗಾಳಿ, ಬೆಳಿಗ್ಗೆಯಿಂದ ಸಂಜೆವರೆಗೆ ಸ್ವಾಹಿಲಿ. ಅದರ ಕ್ರಿಯಾಪದ ಕನ್ನಡದವನನ್ನು ಅಷ್ಟೇನೂ ಹೆದರಿಸುವುದಿಲ್ಲ. ನಾವು ಬಾಲಕ್ಕೆ ಅಂಟಿಸುವುದನ್ನು ಅವರು ತಲೆಗೆ ಅಂಟಿಸುತ್ತಾರೆ, ಅಷ್ಟೆ. ಹೆಣಗಾಡಿದ್ದು ಗಡಿಯಾರದ ಜೊತೆ. ಅಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ಆ ಶಾಲೆಯಲ್ಲಿದ್ದಾಗಲೇ ನನಗೆ ತಿಳಿದ ಒಂದು ಸಂಗತಿ: ಸ್ವಾಹಿಲಿಗೆ ನಿಘಂಟು ಕಟ್ಟಿದ ಲುಡ್ವಿಗ್ ಕ್ರಾಫ್ ಓದಿದ್ದು ಬಾಸೆಲ್ ಮಿಷನ್ನಿನ ಶಾಲೆಯಲ್ಲಿ. ಕಿಟೆಲ್ ಅವರನ್ನು ನಮ್ಮಲ್ಲಿಗೆ ಕಳಿಸಿದ್ದೂ ಅದೇ ಬಾಸೆಲ್. ಕ್ರಾಫ್ ನಿಘಂಟು ಅಚ್ಚಾದದ್ದು 1882ರಲ್ಲಿ, ಕಿಟೆಲ್ ಅವರದ್ದು 1894ರಲ್ಲಿ.

ಊರಿಗೆ ಬಂದ ಮೇಲೆ ಗೊತ್ತಾಯಿತು, ಕಲಿತ ಸ್ವಾಹಿಲಿ ಅರ್ಧ ದಾರಿಗೆ ಮಾತ್ರ ಸಾಕು ಎಂದು. ಅದು ಸುಕುಮಾ ಜನರ ನಾಡು. ತಾಂಜಾನಿಯಾದಲ್ಲಿ ಅವರೇ ದೊಡ್ಡ ಜನಾಂಗ, ದನ ಮತ್ತು ಹತ್ತಿ ಅವರ ಬದುಕು. ಅಜ್ಜಿಯರು ಪಾಪನಿವೇದನೆಗೆ ಬಂದರೆ ಮಾತನಾಡುವುದು ಸುಕುಮಾದಲ್ಲೇ. ಅರ್ಥವಾಗಲಿ ಬಿಡಲಿ, ಕ್ಷಮೆ ಕೊಟ್ಟು ಕಳಿಸುತ್ತಿದ್ದೆ. ದೇವರಿಗೆ ಸುಕುಮಾ ಬರುತ್ತದೆ.

ಅಲ್ಲಿಯ ಧರ್ಮಕೇಂದ್ರ ನಮ್ಮ ಹಾಗೆ ಒಂದು ಚರ್ಚಿನ ಸುತ್ತ ನಿಂತಿರುವುದಿಲ್ಲ. ನಡುವೆ ಒಂದು ದೊಡ್ಡ ದೇವಾಲಯ, ಸುತ್ತಲ ಹಳ್ಳಿಗಳಲ್ಲಿ ಚದುರಿದ ಉಪಕೇಂದ್ರಗಳು. ಅವಕ್ಕೆ ‘ಕಿಗಾಂಗೊ’ ಎನ್ನುತ್ತಾರೆ. ಕೆಲವು ಕಡೆ ಗುರು ಮುಟ್ಟುವುದು ತಿಂಗಳಿಗೊಮ್ಮೆ. ಮಳೆಗಾಲದಲ್ಲಿ ಅದೂ ಅನುಮಾನ, ಏಕೆಂದರೆ ನಮ್ಮ ಧಾರವಾಡ, ಗದಗದ ಕಡೆ ಇರುವಂಥದೇ ಎರೆ ಮಣ್ಣು, ಬೈಕಿನ ಮಡ್‌ಗಾರ್ಡಿಗೆ ಮೆತ್ತಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸಿಬಿಡುತ್ತದೆ. ಉಳಿದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುವವನು ಕಟೆಕಿಸ್ತಾ, ಅಂದರೆ ಉಪದೇಶಿ. ಅವನೂ ರೈತ, ಸಂಬಳ ಇಲ್ಲದಷ್ಟೇ ಕಡಿಮೆ. ಅವನ ಕೆಳಗೆ ‘ಜುಮುಯಿಯಾ’ಗಳು: ಹತ್ತು ಹದಿನೈದು ಮನೆಗಳ ಗುಂಪು, ವಾರಕ್ಕೊಂದು ಮನೆಯಲ್ಲಿ ಸೇರಿ ಶುಭಸಂದೇಶ ಓದುತ್ತಾರೆ. ಪೂರ್ವ ಆಫ್ರಿಕಾದ ಧರ್ಮಾಧ್ಯಕ್ಷರು 1970ರ ದಶಕದಲ್ಲಿ ಈ ಪದ್ಧತಿಯನ್ನೇ ತಮ್ಮ ಕೆಲಸದ ಬುನಾದಿ ಎಂದು ಒಪ್ಪಿಕೊಂಡರು. ನಾನು ಹೋಗುವ ಹೊತ್ತಿಗೆ ಅದು ಚೆನ್ನಾಗಿ ಬೇರು ಬಿಟ್ಟಿತ್ತು. ಸುವಾರ್ತೆ ಸಾರಲು ನನಗಾಗಿ ಅಲ್ಲಿ ಯಾರೂ ಕಾದಿರಲಿಲ್ಲ. ಕಾದಿದ್ದದ್ದು ಬೇರೆಯದಕ್ಕೆ.

ಬೀದಿಯಲ್ಲಿ ಮಕ್ಕಳು ನನ್ನನ್ನು ಕಂಡು ‘ಮ್ಹಿಂದಿ! ಮ್ಹಿಂದಿ!’ ಎಂದು ಕೂಗುತ್ತಿದ್ದರು, ಭಾರತೀಯ ಎಂದು. ಅಲ್ಲಿ ಭಾರತೀಯ ಎಂದರೆ ಅಂಗಡಿ. ಹತ್ತಿ ಮಿಲ್ಲು, ಹಾರ್ಡ್‌ವೇರ್, ಬಿಡಿಭಾಗದ ವ್ಯಾಪಾರ ತಲೆತಲಾಂತರದಿಂದ ಗುಜರಾತಿ ಮೂಲದವರದು. ಇನ್ನು ಫಾದರ್ ಎಂದರೆ? ಆ ಸೀಮೆಯಲ್ಲಿ ದುಡಿದವರು ಯೂರೋಪಿನ ಬಿಳಿ ಅಂಗಿಯ ಗುರುಗಳು, ಆಮೇಲೆ ಅಮೆರಿಕದ ಮೇರಿನಾಲ್ ಸಭೆಯವರು. ಶಾಲೆ, ಬಾವಿ, ಆಸ್ಪತ್ರೆ ಕಟ್ಟಿದರು. ಅವರ ಹುಟ್ಟೂರಿನ ಚರ್ಚುಗಳಿಂದ ಹಣ ಬರುತ್ತಿತ್ತು. ಹಾಗಾದರೆ ಭಾರತೀಯನೂ ಆಗಿ, ಫಾದರೂ ಆದವನ ಹತ್ತಿರ ಎಷ್ಟು ದುಡ್ಡಿರಬೇಡ! ಬಂದ ವಾರವೇ ಒಂದು ಕಿಗಾಂಗೊದ ಹಿರಿಯರು ಗೋಡೆ ಎದ್ದು ಚಾವಣಿ ಇಲ್ಲದೆ ನಿಂತಿದ್ದ ಪ್ರಾರ್ಥನಾಲಯ ತೋರಿಸಿ, “ಪಾದ್ರಿ, ನಿಮ್ಮ ದಾನಿಗಳು ಯಾವ ದೇಶದವರು?” ಎಂದು ಕೇಳಿದರು. ನಾಚಿಕೆ ಇಲ್ಲ, ದೈನ್ಯವೂ ಇಲ್ಲ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ ಹಾಗೆ.

“ನನಗೆ ದಾನಿಗಳಿಲ್ಲ ಅಜ್ಜಾ” ಎಂದೆ. ನಂಬಲಿಲ್ಲ. ನನ್ನಪ್ಪ ಹೊಲ ಉಳುವವನು, ನಮ್ಮೂರ ಚರ್ಚಿಗೇ ಸುಣ್ಣ ಹೊಡೆಸಲು ಹಬ್ಬದ ಚಂದಾ ಎತ್ತುತ್ತೇವೆ ಎಂದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರವಲು ತಂದ ಗುರು ಬರಿಗೈಯಲ್ಲಿ ಬಂದಿದ್ದಾನೆ ಎಂದು ಆ ಸಂಜೆಗೇ ಸುದ್ದಿ ಹಬ್ಬಿತು.

ಅವರನ್ನು ಬೈಯಲು ನನಗೆ ಬಾಯಿಲ್ಲ. ನಮ್ಮ ಹಾಸನದ ಕಡೆ ಚರ್ಚು ಕಟ್ಟಿಸಿದವರೂ ಫ್ರೆಂಚ್ ಪಾದ್ರಿಗಳೇ. ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿಯ ಚರ್ಚನ್ನು ಫೋಟೊದಲ್ಲಾದರೂ ನೋಡಿರುತ್ತೀರಿ. ನಾವೂ ಒಂದು ಕಾಲಕ್ಕೆ ಅದೇ ಪ್ರಶ್ನೆ ಕೇಳಿದವರ ಮೊಮ್ಮಕ್ಕಳು.

ಇನ್ನು ಚಾವಣಿಯ ಕಥೆ. ಆ ನಾಡಿನಲ್ಲಿ ಇಟ್ಟಿಗೆ, ಮರಳು, ಕಲ್ಲು, ನೀರು ಜನರ ಕೈಯಲ್ಲಿವೆ. ಜುಮುಯಿಯಾಗಳು ಸರದಿ ಹಾಕಿಕೊಂಡು ಇಟ್ಟಿಗೆ ಸುಡುತ್ತವೆ, ಹೆಂಗಸರು ಬಕೆಟ್ ಹೊತ್ತು ನೀರು ತರುತ್ತಾರೆ. ಕೈಗೆ ಸಿಗದವು ಸಿಮೆಂಟು, ಮೊಳೆ, ಮರ, ತಗಡು. ಅವಕ್ಕೆ ನಗದು ಬೇಕು. ನಗದು ಆ ಊರಿಗೆ ವರ್ಷಕ್ಕೆ ಒಮ್ಮೆ ಬರುತ್ತದೆ, ಜೂನಿನಿಂದ ಆಚೆ ಹತ್ತಿ ಮಾರಿದಾಗ. ಇಷ್ಟು ತಿಳಿದುಕೊಳ್ಳಲು ನನಗೆ ಒಂದು ಪೂರ್ತಿ ಬೇಸಾಯದ ಸುತ್ತು ಬೇಕಾಯಿತು. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ, ಕಣಜ ಖಾಲಿ ಇರುವಾಗ, ಚಂದಾ ಎತ್ತಲು ಹೊರಟರೆ ಕಾಣಿಕೆ ಚೀಲಕ್ಕೆ ಒಣಗಿಸಿದ ಗೆಣಸಿನ ಹೋಳು ಬೀಳುತ್ತದೆ.

ಅದೂ ವ್ಯರ್ಥವಲ್ಲ ಎಂದು ತೋರಿಸಿಕೊಟ್ಟದ್ದು ಪೂಜೆಯ ನಂತರದ ‘ಮ್ನಾದಾ’, ಹರಾಜು. ಕಾಣಿಕೆಯ ಹೊತ್ತಿಗೆ ಜನ ಕುಣಿಯುತ್ತಾ ಸಾಲಾಗಿ ಬರುತ್ತಾರೆ. ಕೈಯಲ್ಲಿ ಮೊಟ್ಟೆ, ಸಿಹಿಗುಂಬಳ, ಜೋಳ, ಕಾಲು ಕಟ್ಟಿದ ಹುಂಜ. ಪೂಜೆ ಮುಗಿದದ್ದೇ ಎಲ್ಲರೂ ಹೊರಗೆ ಮರದ ನೆರಳಿಗೆ. ಉಪದೇಶಿ ಹುಂಜವನ್ನು ರೆಕ್ಕೆ ಹಿಡಿದು ಎತ್ತಿ, ಅದರ ಗುಣಗಾನ ಶುರು ಮಾಡುತ್ತಾನೆ: ಇದು ಯೇಸುವನ್ನು ಅರಿಯೆ ಎಂದು ಪೇತ್ರ ಸುಳ್ಳು ಹೇಳಿದಾಗ ಕೂಗಿದ ಹುಂಜದ ವಂಶದ್ದು, ಸುಳ್ಳು ಹೇಳುವವರ ಮನೆಗೆ ಆಗಿಬರುವುದಿಲ್ಲ! ನಾನಿದ್ದಾಗ ಸಂತೆಯಲ್ಲಿ 10,000 ಶಿಲಿಂಗಿ ಬಾಳುತ್ತಿದ್ದ ಹುಂಜ ಇಲ್ಲಿ ಅದರ ಎರಡರಷ್ಟಕ್ಕೆ ಏರುತ್ತಿತ್ತು. ಕೊಂಡವನು ಮನೆಗೆ ಒಯ್ಯುತ್ತಾನೆಯೇ? ಇಲ್ಲ. “ಮತ್ತೆ ಕೂಗು” ಎಂದು ವಾಪಸ್ ಕೊಡುತ್ತಾನೆ. ಎರಡನೇ ಸಲ ಗಾಯನ ವೃಂದದ ಹುಡುಗಿಯರು ಚಿಲ್ಲರೆ ಕೂಡಿಸಿ ಕೊಳ್ಳುತ್ತಾರೆ, ಕೊಂಡು ಮುಂದಿನ ಸಾಲಿನ ವಿಧವೆ ಅಜ್ಜಿಯ ಮಡಿಲಿಗೆ ಹಾಕುತ್ತಾರೆ. ಹೆಂಗಸರು ನಾಲಿಗೆ ಹೊರಳಿಸಿ ಉಲಿ ಹಾಕುತ್ತಾರೆ, ಡೋಲು ಬಡಿಯುತ್ತದೆ. ಒಂದೇ ಹುಂಜ ಮೂರು ಹುಂಜದ ದುಡ್ಡು ತಂದು, ಕೊನೆಗೆ ಇರಬೇಕಾದ ಮನೆಗೇ ಸೇರುತ್ತದೆ. ನಮ್ಮ ಕರಾವಳಿಯ ಸಿಎಸ್ಐ (ದಕ್ಷಿಣ ಭಾರತ ಸಭೆ) ಚರ್ಚುಗಳ ಸುಗ್ಗಿ ಹಬ್ಬದಲ್ಲೂ ತೆಂಗಿನಕಾಯಿ, ಬಾಳೆಗೊನೆ ಹರಾಜಾಗುತ್ತವೆ, ಆದರೆ ವರ್ಷಕ್ಕೊಮ್ಮೆ. ಇವರು ಬಿಡುವಿದ್ದಾಗಲೆಲ್ಲ ಕೂಗುತ್ತಾರೆ.

ತಗಡಿನ ಲೆಕ್ಕವನ್ನು ನಾವು ಆ ಮರದ ಕೆಳಗೇ ಇಟ್ಟೆವು. ಒಟ್ಟು ಮೊತ್ತ ಹೇಳಿ ಹೆದರಿಸುವ ಬದಲು ತಗಡನ್ನೇ ಅಳತೆಗೋಲು ಮಾಡಿಕೊಂಡೆವು: ಈ ಜುಮುಯಿಯಾ ಎಷ್ಟು ತಗಡು, ಆ ಜುಮುಯಿಯಾ ಎಷ್ಟು. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬಾಗಿಲಲ್ಲಿ ನೇತುಹಾಕಿದೆವು. ಹಣ ನನ್ನ ಕೈಗೆ ಬರಲಿಲ್ಲ. ಖಜಾಂಚಿ ಒಬ್ಬ ತಾಯಿ, ಬೀಗ ಇನ್ನೊಬ್ಬರ ಹತ್ತಿರ. ಇದೊಂದು ನಿಯಮವನ್ನು ನಾನು ಬಿಗಿಯಾಗಿ ಹಿಡಿದೆ. ತಗಡು ತರಲು ಪಟ್ಟಣಕ್ಕೆ ಹೋದಾಗ ಹಾರ್ಡ್‌ವೇರ್ ಅಂಗಡಿಯ ಗುಜರಾತಿ ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಮ್ಮವರಲ್ಲಿ ಪಾದ್ರಿಯೂ ಇದ್ದಾರೆಯೇ!” ಎಂದು ಹಿಂದಿಯಲ್ಲಿ ಬೆರಗುಪಟ್ಟರು. ಚಹಾ ಕುಡಿಸಿದರು. ತಗಡಿನ ಬೆಲೆಯಲ್ಲಿ ಒಂದು ಶಿಲಿಂಗಿ ಬಿಡಲಿಲ್ಲ, ಮೊಳೆಗಳನ್ನು ಮಾತ್ರ ಪುಕ್ಕಟೆ ಕಟ್ಟಿಕೊಟ್ಟರು. ಹಿಂದೂ ಮನೆಯ ಮೊಳೆ ಆ ಚಾವಣಿಯನ್ನು ಹಿಡಿದಿದೆ ಎನ್ನುವುದು ನನಗೆ ಈಗಲೂ ಖುಷಿಯ ವಿಷಯ.

ತಾಂಜಾನಿಯಾದ ಮೊದಲ ಅಧ್ಯಕ್ಷ ನ್ಯೆರೆರೆ ಅವರ 1967ರ ಅರುಷಾ ಘೋಷಣೆಯನ್ನು ಅಲ್ಲಿನ ಹಳಬರು ಇನ್ನೂ ಮಾತಿನ ನಡುವೆ ಎಳೆದು ತರುತ್ತಾರೆ. ಹಣವನ್ನೇ ನೆಚ್ಚಿಕೊಂಡರೆ ಬಡ ದೇಶ ಮೇಲೇಳಲಾರದು, ನಮ್ಮ ಕಾಲ ಮೇಲೆ ನಾವು ನಿಲ್ಲಬೇಕು ಎಂಬುದು ಅದರ ತಿರುಳು. ಜನ ಒಟ್ಟಾಗಿ ಬಾಳಿ ದುಡಿಯುವ ‘ಉಜಾಮಾ’ ಹಳ್ಳಿಗಳ ಪ್ರಯೋಗ ಮುಗ್ಗರಿಸಿತು, ಜನರನ್ನು ಬಲವಂತವಾಗಿ ಎಬ್ಬಿಸಿ ಕೂರಿಸಿದ ನೋವೂ ಆ ನೆನಪಿನಲ್ಲಿದೆ. ಆದರೂ ಸ್ವಾವಲಂಬನೆ ಎಂಬ ಮಾತಿಗೆ ಹಿರಿಯರು ತಲೆಯಾಡಿಸುತ್ತಿದ್ದರು. ನಾನು ಹೊಸದೇನನ್ನೂ ಹೇಳಬೇಕಾಗಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಚೆಂದದ ಕಥೆ. ಆದರೆ ಸ್ವಂತ ಕಾಲಿನ ಮೇಲೆ ನಿಂತ ಧರ್ಮಸಭೆಗೆ ಒಂದು ಒರಟು ಮುಖವೂ ಇದೆ. ಪ್ರತಿ ಕುಟುಂಬಕ್ಕೂ ಒಂದು ‘ಝಾಕಾ’ ಪುಸ್ತಕ, ಅಂದರೆ ಗಳಿಕೆಯಲ್ಲಿ ಚರ್ಚಿಗೆ ಕೊಡುವ ಹತ್ತನೇ ಒಂದು ಪಾಲಿನ ಲೆಕ್ಕ. ಜುಮುಯಿಯಾಕ್ಕೆ ಬಾರದವರಿಗೆ, ಝಾಕಾ ಕೊಡದವರಿಗೆ ಮಗುವಿನ ಜ್ಞಾನಸ್ನಾನ, ಮದುವೆ, ಶವಸಂಸ್ಕಾರ ತಡೆಯುವುದು ಅನೇಕ ಕಡೆ ರೂಢಿ. ಒಬ್ಬ ಮುದುಕಿ ತೀರಿಕೊಂಡಾಗ ಅವಳ ಜುಮುಯಿಯಾದ ಮುಖಂಡ ಅವಳ ಪುಸ್ತಕ ತಂದು ನನ್ನ ಮೇಜಿನ ಮೇಲೆ ಇಟ್ಟ. ಹಾಳೆಗಳೆಲ್ಲ ಖಾಲಿ. “ಪಾದ್ರಿ, ಇವಳನ್ನು ಚರ್ಚಿನಿಂದ ಹೂಳಿದರೆ ನಾಳೆಯಿಂದ ಯಾರೂ ಕೊಡುವುದಿಲ್ಲ” ಎಂದ. ಅವನು ಕೆಟ್ಟವನಲ್ಲ. ತಗಡಿಗೆ ತನ್ನ ಹೋರಿಯನ್ನೇ ಮಾರಿದ್ದವನು.

ನಾನು ಹೋಗಿ ಹೂಳಿದೆ. ಜನ ಬಂದರು, ಹಾಡಿದರು, ಮನೆಯ ಮುಂದೆ ಬೆಂಕಿ ಹಾಕಿಕೊಂಡು ರಾತ್ರಿಯಿಡೀ ಕೂತರು, ಅಲ್ಲಿಯ ಪದ್ಧತಿಯಂತೆ ಕೈಲಾದ್ದನ್ನು ಕೂಡಿಸಿ ಮನೆಯವರಿಗೆ ಕೊಟ್ಟರು. ಆದರೆ ಮುಂದಿನ ಪಾಲನಾ ಸಮಿತಿಯ ಸಭೆಯಲ್ಲಿ ನನ್ನನ್ನು ಹಣ್ಣುಗಾಯಿ ಮಾಡಿದರು. ನೀವು ಪರವಾನಗಿ ಮುಗಿದರೆ ಹೋಗುವವರು, ಈ ಚರ್ಚನ್ನು ನಡೆಸಬೇಕಾದವರು ನಾವು ಎಂದರು. ಆ ಮಾತಿಗೆ ಉತ್ತರ ಇರಲಿಲ್ಲ. ಮಧ್ಯಾಹ್ನದವರೆಗೆ ಜಗ್ಗಾಡಿ ಒಂದು ತೀರ್ಮಾನಕ್ಕೆ ಬಂದೆವು: ದುಡಿಮೆಯನ್ನೂ ಝಾಕಾ ಎಂದೇ ಬರೆಯುವುದು. ಇಟ್ಟಿಗೆಗೆ ನೀರು ಹೊತ್ತರೆ, ಅಂಗಳ ಗುಡಿಸಿದರೆ, ರೋಗಿಯ ಹತ್ತಿರ ಕೂತರೆ ಪುಸ್ತಕದಲ್ಲಿ ದಾಖಲು. ಕೈಲಾಗದ ವಯಸ್ಸಾದವರ ಪುಸ್ತಕವನ್ನು ಜುಮುಯಿಯಾವೇ ತುಂಬುವುದು. ಎಲ್ಲರೂ ಒಪ್ಪಲಿಲ್ಲ. ಎರಡು ಕಿಗಾಂಗೊಗಳಲ್ಲಿ ಹಳೆಯ ಪದ್ಧತಿಯೇ ಮುಂದುವರಿಯಿತು, ಅಲ್ಲಿ ಜಗಳವೂ ಮುಂದುವರಿಯಿತು.

ಬರಿಗೈ ಎಂಬುದನ್ನು ಪುಣ್ಯ ಎಂದು ಹೊಗಳಿಕೊಳ್ಳುವವರ ಬಗ್ಗೆ ನನಗೆ ಅನುಮಾನ. ಮಲೇರಿಯಾ ನೆತ್ತಿಗೇರಿ ಸೆಳೆತ ಬಂದ ಮಗುವನ್ನು ರಾತ್ರಿ ಆಸ್ಪತ್ರೆಗೆ ಸಾಗಿಸಲು ಡೀಸೆಲ್ ಬೇಕು. ಸಾದಾ ಜ್ವರಕ್ಕೆ ಸಿಗುವ ‘ಮ್ಸೆತೊ’ ಮಾತ್ರೆಯಿಂದ ಅದು ಇಳಿಯುವ ಹಂತ ದಾಟಿರುತ್ತದೆ. ಅಂಥ ಹೊತ್ತಿನಲ್ಲಿ ಸ್ವಾವಲಂಬನೆಯ ಪಾಠ ಮಾಡಲಾಗುವುದಿಲ್ಲ. ಅದೊಂದಕ್ಕೆ ಮಾತ್ರ ನಾನು ಬೆಂಗಳೂರಿನ ಗೆಳೆಯರ ಮುಂದೆ ಕೈ ಚಾಚಿದೆ. ಆ ನಿಧಿಯನ್ನೂ ಔಷಧಾಲಯದ ಸಿಸ್ಟರ್ ಮತ್ತು ಉಪದೇಶಿ ಸೇರಿ ನೋಡಿಕೊಂಡರು. ಕಟ್ಟಡಕ್ಕೆ ಹೊರಗಿನ ಹಣ ಬೇಡ, ಜೀವಕ್ಕೆ ಬಂದಾಗ ಯಾರ ಹಣವಾದರೂ ಸರಿ. ನಾನು ಎಳೆದುಕೊಂಡ ಗೆರೆ ಅದು.

ಅಲ್ಲಿದ್ದಾಗ ಜೋಸೆಫ್ ವಾಜ್ ಅವರ ನೆನಪು ಆಗಾಗ ಬರುತ್ತಿತ್ತು. ಗೋವೆಯವರು. 1681ರಿಂದ ಕೆಲವು ವರ್ಷ ನಮ್ಮ ಕೆನರಾದಲ್ಲಿ ದುಡಿದವರು, ಮಂಗಳೂರಿನ ಹತ್ತಿರ ಮುಡಿಪು ಬೆಟ್ಟದಲ್ಲಿ ಅವರ ಕ್ಷೇತ್ರವಿದೆ. 1687ರಲ್ಲಿ ಡಚ್ಚರ ಕಣ್ಣು ತಪ್ಪಿಸಿ ಕೂಲಿಯವನ ವೇಷದಲ್ಲಿ ಸಿಂಹಳಕ್ಕೆ ಹೋದರು. ಹಿಂದೆ ಯಾವ ರಾಜನ ಹಡಗೂ ಇರಲಿಲ್ಲ, ಕಂಪನಿಯೂ ಇರಲಿಲ್ಲ. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೋದಲ್ಲಿ ಅವರನ್ನು ಸಂತರೆಂದು ಸಾರಿದರು. ವಿದೇಶಕ್ಕೆ ಹೋಗುವ ಭಾರತೀಯ ಗುರುಗಳು ಯೂರೋಪಿನ ಮಿಷನರಿಯನ್ನು ಮಾದರಿ ಮಾಡಿಕೊಂಡು ಅವರಂತೆ ಕಟ್ಟಿಸಲು ಹೊರಡುವುದನ್ನು ಕಂಡಿದ್ದೇನೆ. ನಮಗೆ ನಮ್ಮದೇ ಮಾದರಿ ಇದೆ, ಅದನ್ನು ಗುರುಮಠದಲ್ಲಿ (ಸೆಮಿನರಿಯಲ್ಲಿ) ಯಾಕೆ ಒತ್ತಿ ಕಲಿಸುವುದಿಲ್ಲವೋ.

ನನ್ನ ಅವಧಿ ಮುಗಿದಾಗ ಅಧಿಕಾರ ವಹಿಸಿಕೊಂಡವರು ಸುಕುಮಾ ಗುರು, ಅದೇ ಜಿಲ್ಲೆಯವರು. ಅವರಿಗೆ ಬೀಗದ ಕೈ, ಜ್ಞಾನಸ್ನಾನದ ದಫ್ತರು, ಸವೆದ ಟೈರಿನ ಬೈಕು ಒಪ್ಪಿಸಿದೆ. ಝಾಕಾ ಪುಸ್ತಕಗಳನ್ನು ತಿರುವಿ ನೋಡಿ, “ನೀರು ಹೊತ್ತದ್ದನ್ನು ಶಿಲಿಂಗಿಯಲ್ಲಿ ಹೇಗೆ ಕೂಡಿಸುತ್ತೀರಿ?” ಎಂದು ಕೇಳಿದರು. ಕೂಡಿಸುವುದಿಲ್ಲ ಎಂದೆ. ಅದನ್ನು ಮುಂದುವರಿಸುವುದಾಗಿ ಅವರು ಮಾತು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಈಗ ಹೊರಡುವ ಕಿರಿಯರು ಬಂದು ಕೇಳಿದರೆ ಹೇಳುವುದು ಇಷ್ಟು: ಭಾಷಾ ಶಾಲೆ ಮುಗಿಯುವವರೆಗೆ ಯಾವ ಜವಾಬ್ದಾರಿಯನ್ನೂ ಒಪ್ಪಿಕೊಳ್ಳಬೇಡಿ. ಒಂದು ಬೆಳೆ ಬಂದು ಹೋಗುವವರೆಗೆ ಯಾವ ಯೋಜನೆಯ ಕಾಗದವನ್ನೂ ಬರೆಯಬೇಡಿ. ಸಾವಿನ ಮನೆಗೆ ತಪ್ಪದೆ ಹೋಗಿ, ಹೋದರೆ ಕೂತುಕೊಳ್ಳಿ. ಹರಾಜಿನಲ್ಲಿ ನೀವೂ ಕೂಗಿ, ಆದರೆ ಗೆಲ್ಲುವಷ್ಟು ಕೂಗಬೇಡಿ. ಬೈಕ್ ಓಡಿಸಲು ಇಲ್ಲೇ ಕಲಿತು, ಲೈಸೆನ್ಸ್ ಮಾಡಿಸಿಕೊಂಡೇ ವಿಮಾನ ಹತ್ತಿ.