ಮಾವನ ಬ್ಯಾಂಡಿನ ಟೇಪು, ಕರೆಂಟಿನ ಗುಂಯ್ ಸದ್ದು

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಸೋದರಮಾವನ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದಿಂದ ಒಂದು ಟ್ರಂಕು ಇಳಿಯಿತು. ಒಳಗೆ ಕಾಲೇಜಿನ ನೋಟ್ಸು, ತುಕ್ಕು ಹಿಡಿದ ಗಿಟಾರ್ ತಂತಿ, ಅಡಿಯಲ್ಲಿ ಎರಡು ಕ್ಯಾಸೆಟ್. ಒಂದಕ್ಕೆ ಜೆರಾಕ್ಸ್ ಮಾಡಿದ ಕವರ್, ಐದು ಹಾಡಿನ ಹೆಸರು, 1994 ಅಂತ ಇಸವಿ. ಇನ್ನೊಂದರ ಮೇಲೆ ಬರೀ 'ಮಾಸ್ಟರ್, ಮುಟ್ಟಬೇಡಿ'. ಮಾವ ಒಂದು ಕಾಲದಲ್ಲಿ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದರು ಅಂತ ಗೊತ್ತಿತ್ತು, ಆದರೆ ಕ್ಯಾಸೆಟ್ ಮಾಡಿ ಮಾರಿದ್ದರು ಅನ್ನೋದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ "ಅಯ್ಯೋ ಬಿಡೋ, ಹುಡುಗಾಟ ಅದು" ಅಂದರು. ಬ್ಯಾಂಡಿನ ಹೆಸರು ಬರೆಯಬೇಡ ಅಂತಲೂ ಅಂದಿದ್ದಾರೆ, ಹಾಗಾಗಿ ಬರೆಯುತ್ತಿಲ್ಲ.

ನನಗೆ ಹಳೇ ರಾಕ್ ಹುಚ್ಚು ಸ್ವಲ್ಪ ಜಾಸ್ತಿ. 1970 ಮತ್ತು 71ರಲ್ಲಿ ಸಿಗರೇಟ್ ಕಂಪನಿಯೊಂದು ನಡೆಸಿದ ಸಿಮ್ಲಾ ಬೀಟ್ ಅನ್ನೋ ಬ್ಯಾಂಡ್ ಸ್ಪರ್ಧೆಯ ಎಲ್‌ಪಿಗಳನ್ನು ಹುಡುಕಿ ಕೇಳಿದ್ದೇನೆ. ರಮೇಶ್ ಶೋಥಮ್ ಡ್ರಮ್ಸ್ ಬಾರಿಸುತ್ತಿದ್ದ, ರಾಧಾ ಥಾಮಸ್ ಹಾಡುತ್ತಿದ್ದ ಹ್ಯೂಮನ್ ಬಾಂಡೇಜ್ ಬ್ಯಾಂಡಿನ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೇನೆ. ಆದರೆ ಅವರದೆಲ್ಲ ಹೆಚ್ಚುಕಮ್ಮಿ ಇಂಗ್ಲಿಷ್ ಹಾಡು. ಮಾವನ ಕವರಿನ ಮೇಲಿದ್ದ ಐದೂ ಕನ್ನಡದವು. ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದಿದ್ದು 2008ರಲ್ಲಿ, ಇದು ಅದಕ್ಕೂ 14 ವರ್ಷ ಹಿಂದಿನದು. ಅಂಥದ್ದನ್ನು ಮತ್ತೆ ಅಟ್ಟಕ್ಕೆ ಹಾಕೋದಾ?

ಮಾರಾಟದ ಕ್ಯಾಸೆಟ್ ಕಥೆ ಬೇಗ ಮುಗಿಯಿತು. ಎರಡು ಡೆಕ್ಕಿನ ಟೇಪ್‌ರೆಕಾರ್ಡರಿನಲ್ಲಿ ಕಾಪಿಯ ಕಾಪಿ ಮಾಡಿದ್ದರು, ಮಳೆ ಸುರಿದ ಹಾಗೆ ಬರೀ ಸ್ಸ್ಸ್ ಸದ್ದು. ಹಾಡುವವನ ದನಿ ಪಕ್ಕದ ಮನೆಯಿಂದ ಬಂದಂತಿತ್ತು.

ಮಾಸ್ಟರ್, ಅಂದರೆ ಮೂಲ ರೆಕಾರ್ಡಿಂಗಿನ ಕ್ಯಾಸೆಟ್ಟೇ ನಿಜವಾದ ಕೆಲಸ ಕೊಟ್ಟಿದ್ದು. ಒಳಗೆ ಟೇಪನ್ನು ಅದರ ಸದ್ದು ಓದುವ ಹೆಡ್ಡಿಗೆ ಒತ್ತುವ ಪುಟ್ಟ ಸ್ಪಂಜು ಕಳಚಿ ಬಿದ್ದಿತ್ತು. ಸ್ಕ್ರೂ ಇರುವ ಬೇರೆ ಕ್ಯಾಸೆಟ್ ಬಿಚ್ಚಿ, ಟೇಪಿನ ಎರಡೂ ಸುರುಳಿಗಳನ್ನು ಅದರೊಳಗೆ ಕೂರಿಸಿದೆ. ಕೇಳೋಕೆ ಸುಲಭ, ಮಾಡುವಾಗ ಉಸಿರು ಬಿಡೋಕೂ ಭಯ. ನನ್ನ ಡೆಕ್ಕಿನ ಬೆಲ್ಟು ಕರಗಿ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು. ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ತೆಗೆದು, ಬೆಂಗಳೂರಿನ ಎಸ್‌ಪಿ ರೋಡಿನಿಂದ ಹೊಸದು ತಂದು ಹಾಕಿದೆ. ಹೆಡ್ ಒರೆಸಿ, ಅದರ ಓರೆ ಹೊಂದಿಸುವ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಸದ್ದು ಅತಿ ಚುರುಕಾಗಿ ಕೇಳುವ ಕಡೆ ನಿಲ್ಲಿಸಿದೆ. ಇದನ್ನು ಪ್ರತಿ ಟೇಪಿಗೂ ಬೇರೆಯಾಗಿ ಮಾಡಬೇಕು, ತುಂಬಾ ಜನ ಇಲ್ಲೇ ಸೋಮಾರಿತನ ಮಾಡುತ್ತಾರೆ.

ಪ್ಲೇ ಒತ್ತಿದರೆ ಕುಂಭಕರ್ಣ ನಿದ್ದೆಗಣ್ಣಲ್ಲಿ ಹಾಡಿದಂಥ ದನಿ. ತಿರುಗಿಸಿ ಹಾಕಿದರೆ ಯಾವುದೋ ಭಾಷೆಯಲ್ಲಿ ಯಾರೋ ಗಾಳಿ ಒಳಗೆಳೆದುಕೊಂಡ ಹಾಗೆ. ಡೆಕ್ಕೇ ಮತ್ತೆ ಕೆಟ್ಟಿದೆ ಅಂದುಕೊಂಡು ಸುಮ್ನೆ ಎರಡು ಸಲ ಬಿಚ್ಚಿದೆ. ಕೊನೆಗೆ ಮಾವನೇ ಪೇಪರ್ ಓದುತ್ತಾ, ತಲೆ ಎತ್ತದೆ, "ಅದು ನಾಲ್ಕು ಟ್ರ್ಯಾಕಿನ ಮಷೀನಿಂದಲ್ವೇನೋ, ದುಬೈಯಿಂದ ತರಿಸಿದ್ವಿ" ಅಂದರು. ಮೂರು ದಿನದಿಂದ ಅಲ್ಲೇ ಕೂತಿದ್ದರು ಪುಣ್ಯಾತ್ಮ!

ವಿಷಯ ಇಷ್ಟು. ಮಾಮೂಲಿ ಕ್ಯಾಸೆಟ್ಟಿನಲ್ಲಿ ಎ ಕಡೆ ಎರಡು ಟ್ರ್ಯಾಕು (ಸದ್ದು ದಾಖಲಾಗುವ ಪಟ್ಟಿ), ತಿರುಗಿಸಿದರೆ ಬಿ ಕಡೆ ಎರಡು. ಪೋರ್ಟಾಸ್ಟುಡಿಯೋ ಥರದ, ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವ ಮಷೀನು ಈ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಒಟ್ಟಿಗೆ ಬಳಸುತ್ತದೆ. ಜೊತೆಗೆ ಕೆಲವು ಮಷೀನುಗಳಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಬದಲು ಅದರ ಎರಡರಷ್ಟು ಓಡುತ್ತದೆ. ಹಾಗಾಗಿ ನನ್ನ ಡೆಕ್ಕಿನಲ್ಲಿ ಒಂದು ಕಡೆ ಅರ್ಧ ವೇಗ, ಇನ್ನೊಂದು ಕಡೆ ಅರ್ಧ ವೇಗದ ಜೊತೆಗೆ ಹಿಂದುಮುಂದು.

ಎರಡೂ ಕಡೆಯನ್ನು ಕಂಪ್ಯೂಟರಿಗೆ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48 ಸಾವಿರ ಸಲ ಸದ್ದು ಅಳೆಯುವ ಹಾಗೆ, ತುಂಬಿಸಿದೆ. ಆಮೇಲೆ ಸದ್ದು ತಿದ್ದುವ ಆಡಾಸಿಟಿ ಸಾಫ್ಟ್‌ವೇರಿಗೆ ಇದು 96 ಅಂತ ಸುಳ್ಳು ಹೇಳಿದರೆ ವೇಗ ತಾನಾಗೇ ಎರಡರಷ್ಟಾಗುತ್ತದೆ. ಬಿ ಕಡೆಯನ್ನು ಉಲ್ಟಾ ಮಾಡಿದೆ. ಡ್ರಮ್ಮಿನ ಟ್ರ್ಯಾಕು, ಬೇಸು, ಗಿಟಾರ್ ಮತ್ತು ಕೀಬೋರ್ಡು ಒಟ್ಟಿಗೆ, ದನಿ. ನಾಲ್ಕೂ ಬೇರೆ ಬೇರೆ ಸಿಕ್ಕಿತು! ಆದರೆ ಎರಡು ಸಲ ಓಡಿಸಿದ್ದರಿಂದ ಒಂದಕ್ಕೊಂದು ಹೊಂದುತ್ತಿರಲಿಲ್ಲ, ಹಾಡು ಮುಗಿಯುವ ಹೊತ್ತಿಗೆ ಗಾಯಕ ಡ್ರಮ್ಮಿನ ಹಿಂದೆ ಎಲ್ಲೋ ಕುಂಟುತ್ತಿದ್ದ. ಮಧ್ಯದ ಎರಡು ಟ್ರ್ಯಾಕು ಅಕ್ಕಪಕ್ಕ ಇರೋದರಿಂದ ಒಂದರ ಸದ್ದು ಇನ್ನೊಂದಕ್ಕೆ ಚೂರು ಸೋರಿರುತ್ತದೆ. ಆ ಸೋರಿದ ಬೇಸಿನ ಸದ್ದನ್ನೇ ಗುರುತು ಮಾಡಿಕೊಂಡು ತುಂಡು ತುಂಡಾಗಿ ಜೋಡಿಸಿದೆ. ಒಂದು ಹಾಡಿಗೆ ಎರಡು ಸಂಜೆ. ಟೇಪಿನ ಸ್ಸ್ಸ್ ಸದ್ದು ಕಮ್ಮಿ ಮಾಡುವ ಡಿಬಿಎಕ್ಸ್ ಅನ್ನೋ ಗುಂಡಿಯನ್ನು ಅವತ್ತು ಅವರು ಒತ್ತಿರಲಿಲ್ಲ. ಒತ್ತಿದ್ದಿದ್ದರೆ ಅದನ್ನು ಬಿಡಿಸೋ ಮಷೀನು ಹುಡುಕಿಕೊಂಡು ಇನ್ನೂ ಅಲೆಯುತ್ತಿದ್ದೆ.

ಇನ್ನು ಉಳಿದಿದ್ದು ಸರಿಯಾದ ವೇಗ. ಹೊಸ ಬೆಲ್ಟು, ಹಳೇ ಮೋಟರು, ಎರಡರಷ್ಟು ಅಂದರೆ ಕರಾರುವಾಕ್ಕಾಗಿ ಎರಡರಷ್ಟೇ ಅಂತ ನಂಬೋ ಹಾಗಿಲ್ಲ. ಗಿಟಾರ್ ಆಂಪ್ಲಿಫೈಯರಿನಿಂದ ಕರೆಂಟಿನ ಗುಂಯ್ ಸದ್ದು ಟೇಪಿನಲ್ಲಿ ಬಿದ್ದಿತ್ತು. ನಮ್ಮ ಕರೆಂಟು 50 ಹರ್ಟ್ಸ್ ಅಲ್ವಾ, ಆ ಗುಂಯ್ಯನ್ನು 50ಕ್ಕೆ ತಂದು ನಿಲ್ಲಿಸಿದರೆ ವೇಗ ಸರಿಹೋಯಿತು ಅಂತ ಎಲ್ಲೋ ಓದಿದ್ದೆ. ಮಾಡಿದೆ, ಹೆಮ್ಮೆಯಿಂದ ಮಾವನಿಗೆ ಕೇಳಿಸಿದೆ. "ಯಾರೋ ಇದು, ನಮ್ಮ ಗಾಯಕನ ತಮ್ಮನಾ?" ಅಂದರು. ದನಿ ಎಳಸಾಗಿತ್ತು. ಕೀಬೋರ್ಡಿನ ಎ ಸ್ವರ ಅಳೆದರೆ 456 ಹರ್ಟ್ಸ್. ಅದು 440 ಇರಬೇಕು, ಆ ಕ್ಯಾಸಿಯೋದ ಟ್ಯೂನಿಂಗ್ ಯಾರೂ ಮುಟ್ಟಿರಲಿಲ್ಲವಂತೆ.

ಕೀಬೋರ್ಡನ್ನು 440ಕ್ಕೆ ಇಳಿಸಿದರೆ ಗುಂಯ್ 48.2ಕ್ಕೆ ಬಂತು. ತಲೆ ಕೆಟ್ಟುಹೋಯಿತು. ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತರಾದ ಎದುರುಮನೆ ಅಂಕಲ್ ಕೇಳಿ ನಕ್ಕರು. "ಆಗ ಸಂಜೆ ಹೊತ್ತು 50 ಎಲ್ಲಿತ್ತಪ್ಪಾ!" ಬೇಡಿಕೆಗೆ ತಕ್ಕಷ್ಟು ಉತ್ಪಾದನೆ ಇಲ್ಲದಿದ್ದರೆ ಜನರೇಟರ್ ತಿರುಗುವ ವೇಗವೇ ಇಳಿಯುತ್ತದೆ, ಫ್ರೀಕ್ವೆನ್ಸಿಯೂ ಇಳಿಯುತ್ತದೆ. 90ರ ದಶಕದಲ್ಲಿ ದಕ್ಷಿಣದ ಗ್ರಿಡ್‌ನದ್ದು ಅದೇ ಪಾಡು. ದೇಶದ ಉಳಿದ ಜಾಲದ ಜೊತೆ ಅದು ಒಂದಾಗಿದ್ದೇ 2013ರ ಡಿಸೆಂಬರ್ ಕೊನೆಗೆ, ರಾಯಚೂರು-ಸೊಲ್ಲಾಪುರ ಲೈನಿನ ಮೂಲಕ. ಹೊರದೇಶದವರು ಹೇಳುವ ಗುಂಯ್ ಉಪಾಯ 1994ರ ಮೈಸೂರಿನ ಸಂಜೆಗೆ ನಡೆಯೋಲ್ಲ. ನಿಮ್ಮ ಹತ್ತಿರ ಅಂಥ ಟೇಪಿದ್ದರೆ ಕೀಬೋರ್ಡನ್ನು ನಂಬಿ, ಕರೆಂಟನ್ನಲ್ಲ.

440ಕ್ಕೆ ಇಳಿಸಿದ ಹಾಡನ್ನು ಕೇಳಿದ ಮಾವ ಈ ಸಲ ಏನೂ ಅನ್ನಲಿಲ್ಲ. ಫೋನ್ ತೆಗೆದು, ಈಗ ಹುಬ್ಬಳ್ಳಿಯಲ್ಲಿರುವ ಗಾಯಕರ ನಂಬರಿಗೆ ಹಚ್ಚಿ, ಸ್ಪೀಕರಿನ ಮುಂದೆ ಹಿಡಿದರು.

ಆನ್‌ಲೈನ್ ಹಾಕೋಕೆ ನಾಲ್ವರ ಒಪ್ಪಿಗೆಯನ್ನೂ ಬರಹದಲ್ಲಿ ತೆಗೆದುಕೊಂಡೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ, ಸಾಹಿತ್ಯ ಮತ್ತು ರಾಗದ ಹಕ್ಕು ಬೇರೆ. ಗೆಳೆಯರೇ ಆದರೂ ಬಾಯಿಮಾತು ಸಾಲದು.

ಜಗಳ ಆಗಿದ್ದು ಬೇರೆ ವಿಷಯಕ್ಕೆ. ಮೂರನೇ ಹಾಡಿನ ಎರಡನೇ ಚರಣ ಮುಗಿದು ಎಲ್ಲ ಮೆಲ್ಲಗಾಗುವಾಗ, ದನಿಯ ಟ್ರ್ಯಾಕಿನಲ್ಲಿ ಅಡುಗೆಮನೆಯ ಕುಕ್ಕರ್ ಎರಡು ಸಲ ಕೂಗುತ್ತದೆ. ಹಳೇ ಕಾಪಿಯಲ್ಲಿ ಅದು ಕೇಳುತ್ತಲೇ ಇರಲಿಲ್ಲ. ಗಾಯಕರು ಅಳಿಸು ಅಂತಾರೆ, ಡ್ರಮ್ಮರ್ ಕೂಡ. ಮಾವ ಮತ್ತು ಕೀಬೋರ್ಡಿನವರು ಬೇಡ ಅಂತಾರೆ. ಎರಡು ಎರಡು. ಮೂರು ವಾರದಿಂದ ಆ ಒಂದು ಹಾಡು ಹಾಗೇ ನಿಂತಿದೆ, ಉಳಿದ ನಾಲ್ಕು ಹಾಕಿಯಾಗಿದೆ.